ಬೈಸಿಕಲ್ಲಿನ ಸಂದುಗಳ ಕಥೆ



ನಿಮ್ಮ ಮನೆಯಲ್ಲೋ, ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲೋ ಹಳೆಯ ಕಪ್ಪು ಬಣ್ಣದ ಸೈಕಲ್ ಒಂದಿದ್ದರೆ, ಈ ಲೇಖನ ಓದುವ ಮುನ್ನ ಅದರ ಬಳಿ ಒಂದು ನಿಮಿಷ ನಿಂತು ನೋಡಿ. ಹ್ಯಾಂಡಲ್ಲಿನ ಕೆಳಗಿರುವ ಗಿಡ್ಡ ಕೊಳವೆಗೆ ಎರಡು ಉದ್ದನೆಯ ಕೊಳವೆಗಳು ಬಂದು ಸೇರುತ್ತವೆಯಲ್ಲವೇ? ಆ ಜಾಗದಲ್ಲಿ ಬೆರಳಾಡಿಸಿ. ಕೊಳವೆಯ ತುದಿಗೆ ಬಳೆ ತೊಡಿಸಿದಂತೆ ಒಂದು ಸಣ್ಣ ಅಂಚು ಕೈಗೆ ತಾಗುತ್ತದೆ. ಅಲ್ಲಿ ಬೋಲ್ಟಿಲ್ಲ, ನಟ್ಟಿಲ್ಲ. ಆದರೂ ಮುಂದಿನ ಬಾರಿನ ಮೇಲೆ ಒಂದು ಮಗು, ಹಿಂದಿನ ಕ್ಯಾರಿಯರಿನ ಮೇಲೆ ಒಂದು ಮೂಟೆ ಅಕ್ಕಿ, ನಡುವೆ ತುಳಿಯುವ ದೊಡ್ಡವರು, ಕೆಳಗೆ ಗುಂಡಿಬಿದ್ದ ರಸ್ತೆ, ಇಷ್ಟನ್ನೂ ವರ್ಷಗಟ್ಟಲೆ ತಾಳಿಕೊಂಡು ಆ ಸಂದು ಬಿಡದೆ ನಿಂತಿದೆ.

ಅದನ್ನು ಹಿಡಿದಿಟ್ಟಿರುವುದು ಏನು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸುಮಾರು ನೂರೈವತ್ತು ವರ್ಷಗಳ ಒಂದು ಸ್ವಾರಸ್ಯಕರ ಚರಿತ್ರೆ ನಮ್ಮ ಮುಂದೆ ತೆರೆದುಕೊಳ್ಳುತ್ತದೆ. ಚರಿತ್ರೆ ಎಂದರೆ ರಾಜರು, ಯುದ್ಧಗಳು ಮಾತ್ರವಲ್ಲ. ಎರಡು ಕೊಳವೆಗಳನ್ನು ಹೇಗೆ ಕೂಡಿಸಬೇಕೆಂದು ಕುಶಲಕರ್ಮಿಗಳು ತಲೆಮಾರುಗಳ ಕಾಲ ನಡೆಸಿದ ಹುಡುಕಾಟವೂ ಚರಿತ್ರೆಯೇ.

ಈ ಹುಡುಕಾಟದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಉಕ್ಕನ್ನು ಉಕ್ಕಿಗೆ ಕೂಡಿಸಲು ಬೆಂಕಿ ಬೇಕು. ಆದರೆ ಅದೇ ಬೆಂಕಿ ಉಕ್ಕಿನ ಬಲವನ್ನು ತಿನ್ನುತ್ತದೆ. ಹಾಗಾದರೆ ಎಷ್ಟು ಶಾಖ, ಎಲ್ಲಿ, ಎಷ್ಟು ಹೊತ್ತು? ಬೈಸಿಕಲ್ಲಿನ ಸಂದುಗಳ ಇತಿಹಾಸವೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಸುತ್ತುತ್ತದೆ.

ಮರದಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಕೊಳವೆಗೆ

1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ಎರಡು ಗಾಲಿಗಳ ಒಂದು ವಾಹನವನ್ನು ರೂಪಿಸಿದ. ಅದಕ್ಕೆ ಪೆಡಲುಗಳಿರಲಿಲ್ಲ. ಸವಾರ ನೆಲವನ್ನು ಕಾಲಿನಿಂದ ಒದ್ದುಕೊಂಡು ಮುಂದೆ ಸಾಗಬೇಕಿತ್ತು. ಅದರ ಮೈಯೆಲ್ಲ ಮರ. ಹೀಗಾಗಿ ಸಂದು ಕೂಡಿಸುವುದು ಬಡಗಿಯ ಕೆಲಸವಾಗಿತ್ತು.

1860ರ ದಶಕದಲ್ಲಿ ಪ್ಯಾರಿಸ್ಸಿನ ಪಿಯರ್ ಮಿಶೋ ಎಂಬ ಕಮ್ಮಾರನ ಕಾರ್ಖಾನೆಯಿಂದ ಮುಂದಿನ ಗಾಲಿಗೆ ಪೆಡಲುಗಳಿದ್ದ ವಾಹನಗಳು ಹೊರಬಂದವು. ಅವುಗಳ ಬೆನ್ನೆಲುಬು ಗಟ್ಟಿ ಕಬ್ಬಿಣದ್ದು. ಈಗ ಬಡಗಿಯ ಜಾಗಕ್ಕೆ ಕಮ್ಮಾರ ಬಂದ. ಆತನ ವಿಧಾನ ನಮ್ಮ ಹಳ್ಳಿಗಳಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂಡಿಸುತ್ತಿದ್ದ ವಿಧಾನವೇ. ಎರಡು ತುದಿಗಳನ್ನು ಕುಲುಮೆಯಲ್ಲಿ ಬೆಳ್ಳಗೆ ಹೊಳೆಯುವ ತನಕ ಕಾಯಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದರೆ ಎರಡೂ ಒಂದಾಗುತ್ತವೆ. ಸಂದೇನೋ ಗಟ್ಟಿಯಾಗುತ್ತಿತ್ತು, ಆದರೆ ವಾಹನ ವಿಪರೀತ ಭಾರವಾಗುತ್ತಿತ್ತು. ಕಲ್ಲುಹಾಸಿನ ಬೀದಿಗಳಲ್ಲಿ ಅದನ್ನು ಓಡಿಸಿದ ಇಂಗ್ಲೆಂಡಿನ ಜನ ಅದಕ್ಕೆ ‘ಎಲುಬು ಕುಲುಕುವ ಗಾಡಿ’ ಎಂದು ಅಡ್ಡಹೆಸರಿಟ್ಟರು.

ಭಾರ ಇಳಿಸುವ ದಾರಿ ಯಾವುದು? ಬಿದಿರನ್ನು ನೆನಪಿಸಿಕೊಳ್ಳಿ. ಒಳಗೆ ಟೊಳ್ಳಾದರೂ ಬಿದಿರು ಸುಲಭವಾಗಿ ಬಾಗುವುದಿಲ್ಲ. ಒಂದು ಕಂಬಿ ಬಾಗುವಾಗ ಹೆಚ್ಚಿನ ಎಳೆತ ಮತ್ತು ಒತ್ತಡ ಬೀಳುವುದು ಅದರ ಹೊರಮೈಯ ಮೇಲೆ. ನಡುಭಾಗದ ಲೋಹ ಹೆಚ್ಚು ದುಡಿಯುವುದೇ ಇಲ್ಲ. ದುಡಿಯದ ಲೋಹವನ್ನು ತೆಗೆದುಹಾಕಿ, ವ್ಯಾಸವನ್ನು ಹಿಗ್ಗಿಸಿದರೆ ಕೊಳವೆ ಹಗುರವೂ ಆಗುತ್ತದೆ, ಬಿಗಿಯೂ ಆಗುತ್ತದೆ.

1870ರ ದಶಕದ ದೊಡ್ಡ ಮುಂಗಾಲಿಯ ಸೈಕಲುಗಳಲ್ಲಿ ಟೊಳ್ಳು ಕೊಳವೆಗಳ ಬಳಕೆ ಬೆಳೆಯಿತು. ಆದರೆ ಆ ಸೈಕಲ್ಲಿನ ಮೈ ಎಂದರೆ ಬಾಗಿದ ಒಂದೇ ಕೊಳವೆ ಮತ್ತು ಒಂದು ಫೋರ್ಕು. ಆದ್ದರಿಂದ ಸಂದುಗಳು ಬಹಳ ಕಡಿಮೆ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ‘ರೋವರ್’ ಎಂಬ ಸೈಕಲನ್ನು ಹೊರತಂದಾಗ ಪರಿಸ್ಥಿತಿ ಬದಲಾಯಿತು. ಬಹುತೇಕ ಒಂದೇ ಅಳತೆಯ ಎರಡು ಗಾಲಿಗಳು, ಹಿಂದಿನ ಗಾಲಿಗೆ ಚೈನು: ಇಂದಿನ ಸೈಕಲ್ಲಿನ ರೂಪ ಅಲ್ಲಿಂದ ಬಂತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. 1890ರ ದಶಕದಲ್ಲಿ ವಜ್ರಾಕೃತಿಯ ಚೌಕಟ್ಟು ನೆಲೆಯೂರಿತು. ಈ ಚೌಕಟ್ಟಿನಲ್ಲಿ ಎಂಟು ಕೊಳವೆಗಳಿವೆ. ಎಂಟು ಕೊಳವೆಗಳೆಂದರೆ ಹಲವು ಸಂದುಗಳು. ಒಂದು ಸಂದು ಬಿಟ್ಟರೂ ಸವಾರನ ಜೀವಕ್ಕೆ ಅಪಾಯ.

ಕೊಳವೆಯೂ ಅಷ್ಟರಲ್ಲಿ ಸುಧಾರಿಸಿತ್ತು. ಜರ್ಮನಿಯ ರೆಮ್‌ಷೈಡ್ ಪಟ್ಟಣದ ಮ್ಯಾನೆಸ್‌ಮನ್ ಸಹೋದರರು 1885–86ರ ಹೊತ್ತಿಗೆ ಗಟ್ಟಿ ಉಕ್ಕಿನ ಸರಳನ್ನು ಓರೆಯಾಗಿಟ್ಟ ಉರುಳೆಗಳ ನಡುವೆ ತಿರುಗಿಸಿ ಅದರ ನಡುವೆ ರಂಧ್ರ ಮೂಡಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಉದ್ದಕ್ಕೂ ಎಲ್ಲಿಯೂ ಜೋಡಣೆಯ ಗೆರೆಯಿಲ್ಲದ ಕೊಳವೆ ಹೀಗೆ ಸಾಧ್ಯವಾಯಿತು. ಅಂಥ ಕೊಳವೆಯನ್ನು ತಣ್ಣಗಿರುವಾಗಲೇ ಅಚ್ಚಿನ ತೂತಿನ ಮೂಲಕ ಎಳೆದೆಳೆದು ಗೋಡೆಯನ್ನು ತೆಳುವಾಗಿಸುತ್ತಿದ್ದರು. ಎಳೆದಷ್ಟೂ ಉಕ್ಕು ಗಡುಸಾಗುತ್ತದೆ. ತಂತಿಯನ್ನು ಹಲವು ಸಲ ಅತ್ತಿತ್ತ ಬಾಗಿಸಿದರೆ ಅದು ಬಿರುಸಾಗುವುದನ್ನು ನೀವು ಕಂಡಿರಬಹುದು. ಅದೇ ತಂತಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಸಮಸ್ಯೆ ಇರುವುದೇ ಇಲ್ಲಿ. ಅಷ್ಟು ಶ್ರಮಪಟ್ಟು ಗಡುಸು ಮಾಡಿದ ಕೊಳವೆಯನ್ನು ಕೂಡಿಸುವಾಗ ಕಾಯಿಸಿದರೆ ಗಳಿಸಿದ ಬಲ ಕರಗಿಹೋಗುತ್ತದೆ. ಕಮ್ಮಾರನ ಸುತ್ತಿಗೆಗಂತೂ ಈ ತೆಳು ಗೋಡೆ ಒಂದೇ ಪೆಟ್ಟಿಗೆ ಚಪ್ಪಟೆಯಾಗುತ್ತದೆ. ಹಾಗಾದರೆ ದಾರಿ ಯಾವುದು?

ಅಕ್ಕಸಾಲಿಗನ ಗುಟ್ಟು

ದಾರಿ ತೋರಿಸಿದ್ದು ಸಾವಿರಾರು ವರ್ಷಗಳಿಂದ ಅಕ್ಕಸಾಲಿಗರು ಬಲ್ಲ ಒಂದು ವಿದ್ಯೆ. ಒಡವೆಯ ಎರಡು ತುಂಡುಗಳನ್ನು ಕೂಡಿಸುವಾಗ ಅಕ್ಕಸಾಲಿಗ ಆ ತುಂಡುಗಳನ್ನೇ ಕರಗಿಸುವುದಿಲ್ಲ. ಅವುಗಳಿಗಿಂತ ಕಡಿಮೆ ಶಾಖದಲ್ಲಿ ಕರಗುವ ಮತ್ತೊಂದು ಲೋಹವನ್ನು ನಡುವೆ ಹರಿಸುತ್ತಾನೆ. ಅದು ಆರಿದಾಗ ಎರಡನ್ನೂ ಹಿಡಿದುಕೊಳ್ಳುತ್ತದೆ. ಸೈಕಲ್ ತಯಾರಕರು ಬಂಗಾರದ ಬದಲು ಉಕ್ಕಿಗೆ ಇದನ್ನೇ ಅನ್ವಯಿಸಿದರು. ಹರಿಸುವ ಲೋಹ ಹಿತ್ತಾಳೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಈ ಕೆಲಸಕ್ಕೆ ಬಳಸುವ ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ. ಈ ಹಿತ್ತಾಳೆ ಬೆಸುಗೆಯನ್ನು ‘ಬ್ರೇಜಿಂಗ್’ ಎನ್ನುತ್ತಾರೆ. ಇದಕ್ಕೂ ವೆಲ್ಡಿಂಗ್‌ಗೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ವೆಲ್ಡಿಂಗ್‌ನಲ್ಲಿ ಕೂಡಬೇಕಾದ ಲೋಹಗಳೇ ಕರಗಿ ಒಂದಾಗುತ್ತವೆ. ಬ್ರೇಜಿಂಗ್‌ನಲ್ಲಿ ಅವು ಕರಗುವುದಿಲ್ಲ.

ಅಕ್ಕಸಾಲಿಗನ ಬಳಿ ಇನ್ನೊಂದು ವಸ್ತುವಿದೆ: ಬಿಳಿಗಾರ. ಕಾದ ಲೋಹದ ಮೇಲೆ ಗಾಳಿಯ ಆಮ್ಲಜನಕದಿಂದ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಹಿತ್ತಾಳೆ ಅಂಟುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ಉರುಳಿಹೋಗುತ್ತದೆ. ಬಿಳಿಗಾರ ಕರಗಿ ಆ ಪೊರೆಯನ್ನು ತಿಂದು, ಲೋಹದ ಮೈಯನ್ನು ಶುಚಿಯಾಗಿಡುತ್ತದೆ. ಸಂಸ್ಕೃತದಲ್ಲಿ ಟಂಕಣವೆಂದು ಕರೆಯುವ ಈ ಲವಣ ಹಿಂದೆ ಟಿಬೆಟ್ಟಿನ ಸರೋವರಗಳಿಂದ ನಮ್ಮ ದೇಶದ ಮೂಲಕ ಯೂರೋಪಿಗೆ ಹೋಗುತ್ತಿತ್ತು.

ಈಗ ನೀವು ಬೆರಳಾಡಿಸಿದ ಆ ಅಂಚಿಗೆ ಬರೋಣ. ಅದರ ಹೆಸರು ‘ಲಗ್’. ಕೊಳವೆಗಳ ತುದಿಗಳು ತೂರಿಕೊಳ್ಳುವಂತೆ ಮಾಡಿದ ಉಕ್ಕಿನ ಗಿಡ್ಡ ಕೋಶವದು. ಕೊಳವೆಯ ಹೊರಮೈಗೂ ಲಗ್ಗಿನ ಒಳಮೈಗೂ ನಡುವೆ ಬಿಡುವ ಸಂದು ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಎಂದರೆ ನಿಮ್ಮ ನೋಟ್‌ಪುಸ್ತಕದ ಒಂದು ಹಾಳೆಯ ದಪ್ಪದಷ್ಟು. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುತ್ತದೆಯಲ್ಲವೇ? ಭೌತಶಾಸ್ತ್ರದ ಪಾಠದಲ್ಲಿ ನೀವು ಓದುವ ಆ ಕೇಶಾಕರ್ಷಣೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಸಂದಿನ ಬಾಯಲ್ಲಿ ಕರಗಿದ ಹಿತ್ತಾಳೆ ಒಳಕ್ಕೆ ಹೀರಲ್ಪಟ್ಟು, ಲಗ್ಗಿನ ಸುತ್ತಲೂ ಹರಡಿಕೊಳ್ಳುತ್ತದೆ. ಸಂದು ಅತಿ ಅಗಲವಾದರೆ ಹೀರುವ ಶಕ್ತಿ ಕುಗ್ಗುತ್ತದೆ. ಅತಿ ಬಿಗಿಯಾದರೆ ಹಿತ್ತಾಳೆಗೆ ದಾರಿಯಿಲ್ಲ.

ಉಕ್ಕಿಗಿಂತ ದುರ್ಬಲವಾದ ಹಿತ್ತಾಳೆ ಇಷ್ಟು ಭಾರವನ್ನು ಹೇಗೆ ತಡೆಯುತ್ತದೆ ಎಂದು ನೀವು ಕೇಳಬಹುದು. ಉತ್ತರ ವಿಸ್ತೀರ್ಣದಲ್ಲಿದೆ. ಲಗ್ಗಿನೊಳಗೆ ಹಿತ್ತಾಳೆಯ ತೆಳುಪದರ ಕೊಳವೆಯ ಸುತ್ತಲೂ, ಕೆಲವು ಸೆಂಟಿಮೀಟರು ಉದ್ದಕ್ಕೂ ಹರಡಿದೆ. ಭಾರ ಒಂದು ಗೆರೆಯ ಮೇಲೆ ಬೀಳದೆ ಆ ಇಡೀ ಪದರದ ಮೇಲೆ ಹಂಚಿಹೋಗುತ್ತದೆ. ಹಳೆಯ ಸೈಕಲುಗಳ ಲಗ್ಗುಗಳ ತುದಿ ಎಲೆಯ ಹಾಗೆ ಚೂಪಾಗಿರುವುದು ಬರಿಯ ಅಲಂಕಾರವಲ್ಲ. ದಪ್ಪ ಲಗ್ಗು ಥಟ್ಟನೆ ಮುಗಿದು ತೆಳು ಕೊಳವೆ ಶುರುವಾದರೆ ಅದೇ ಗೆರೆಯಲ್ಲಿ ಬಿರುಕು ಹುಟ್ಟಬಹುದು. ಚೂಪಾದ ತುದಿ ಆ ಬದಲಾವಣೆಯನ್ನು ಮೆಲ್ಲಗೆ ಮಾಡುತ್ತದೆ.

ಕಾರ್ಖಾನೆಯ ಹೊಗೆ

1890ರ ದಶಕದಲ್ಲಿ ಯೂರೋಪು, ಅಮೆರಿಕಗಳಲ್ಲಿ ಬೈಸಿಕಲ್ಲಿನ ಹುಚ್ಚೇ ಹಬ್ಬಿತು. ಬರ್ಮಿಂಗ್‌ಹ್ಯಾಮ್, ಕವೆಂಟ್ರಿ, ನಾಟಿಂಗ್‌ಹ್ಯಾಮ್ ನಗರಗಳಲ್ಲಿ ಬೆಸುಗೆಯ ಒಲೆಗಳು ಹಗಲಿಡೀ ಉರಿದವು. ಕೆಲಸಗಾರ ಕೊಳವೆಗಳನ್ನು ಲಗ್ಗಿಗೆ ತೂರಿಸಿ, ಕದಲದಂತೆ ಸಣ್ಣ ಪಿನ್ನು ಬಡಿದು, ಬಿಳಿಗಾರ ಸವರಿ, ಒಲೆಯ ಮೇಲೆ ಅನಿಲಜ್ವಾಲೆಯಿಂದ ಕಾಯಿಸುತ್ತಿದ್ದ. ಶಾಖ ಸರಿಯಾಯಿತೇ ಎಂದು ಹೇಳಲು ಅವನಿಗಿದ್ದ ಮಾಪಕವೆಂದರೆ ಕಣ್ಣು. ಉಕ್ಕಿನ ಬಣ್ಣ ಮಂಕು ಕೆಂಪಿನಿಂದ ಕಿತ್ತಳೆಗೆ ತಿರುಗುವ ಕ್ಷಣವನ್ನು ಅವನು ಗುರುತಿಸಬೇಕಿತ್ತು.

ಉತ್ಪಾದನೆ ಹೆಚ್ಚಿದಂತೆ ಮತ್ತೊಂದು ವಿಧಾನ ಬಂತು. ದೊಡ್ಡ ಮೂಸೆಯಲ್ಲಿ ಹಿತ್ತಾಳೆಯನ್ನು ಕರಗಿಸಿಟ್ಟು, ಚೌಕಟ್ಟಿನ ಮೂಲೆಯನ್ನು ಅದರಲ್ಲಿ ಅದ್ದಿ ತೆಗೆಯುವುದು. ಹಿತ್ತಾಳೆ ಎಲ್ಲಿಗೆ ಬೇಡವೋ ಅಲ್ಲಿಗೆ ಮೊದಲೇ ಲೇಪ ಬಳಿದಿರುತ್ತಿದ್ದರು. ಕೆಲಸ ಬೇಗ ಆಗುತ್ತಿತ್ತು; ಸಂದಿನೊಳಗೆ ಲೋಹ ಚೆನ್ನಾಗಿ ತುಂಬುತ್ತಿತ್ತು.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ. ಶಾಖ ಸ್ವಲ್ಪ ಮೀರಿದರೂ ಸತು ಆವಿಯಾಗಿ, ಬಿಳಿಯ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವನಿಗೆ ಸಂಜೆಯ ಹೊತ್ತಿಗೆ ಮೈನಡುಕ, ಜ್ವರ. ಬರ್ಮಿಂಗ್‌ಹ್ಯಾಮಿನ ಹಿತ್ತಾಳೆ ಎರಕದವರಲ್ಲಿ ಈ ಚಳಿಜ್ವರವನ್ನು 19ನೆಯ ಶತಮಾನದ ವೈದ್ಯರು ಗುರುತಿಸಿ ಬರೆದಿದ್ದಾರೆ. ಜನರಿಗೆ ಅಗ್ಗದ ಸವಾರಿ ಕೊಟ್ಟ ಯಂತ್ರದ ಹಿಂದೆ ಇಂಥ ಉಸಿರುಗಳೂ ಇದ್ದವು.

ದಪ್ಪ ತುದಿ, ತೆಳು ನಡು

ಇಷ್ಟಾದರೂ ಮೂಲ ಸಮಸ್ಯೆ ಉಳಿದೇ ಇತ್ತು. ಹಿತ್ತಾಳೆ ಕರಗುವ ಶಾಖಕ್ಕೆ ಕೊಳವೆಯ ತುದಿ ಮೆತ್ತಗಾಗುತ್ತದೆ. ಅದಕ್ಕಾಗಿ ಕೊಳವೆಯನ್ನು ಪೂರ್ತಿ ದಪ್ಪ ಮಾಡಿದರೆ ಸೈಕಲ್ ಭಾರವಾಗುತ್ತದೆ. ಈ ಗಂಟನ್ನು ಬಿಡಿಸಿದ್ದು ಮೊಳೆ ತಯಾರಿಸುತ್ತಿದ್ದ ಒಂದು ಮನೆತನ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಒಂದು ಪೇಟೆಂಟ್ ಪಡೆದರು. ಕೊಳವೆಯ ಹೊರ ಅಳತೆ ಉದ್ದಕ್ಕೂ ಒಂದೇ. ಆದರೆ ಗೋಡೆ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬೆಂಕಿ ತಾಗುವಲ್ಲಿ ಲೋಹ ಹೆಚ್ಚು, ತಾಗದಲ್ಲಿ ಕಡಿಮೆ. ಇದನ್ನು ‘ಬಟೆಡ್’ ಕೊಳವೆ ಎನ್ನುತ್ತಾರೆ.

1935ರಲ್ಲಿ ಇದೇ ಕಂಪನಿ ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ‘531’ ಎಂಬ ಉಕ್ಕಿನ ಕೊಳವೆಯನ್ನು ಹೊರತಂದಿತು. ಹಿತ್ತಾಳೆ ಬೆಸುಗೆಯ ಶಾಖ ಕಂಡ ಮೇಲೂ ಈ ಉಕ್ಕು ತನ್ನ ಬಲವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತಿತ್ತು. ಹೀಗಾಗಿ ತುದಿಯಲ್ಲಿ 0.8 ಮಿಲಿಮೀಟರು, ನಡುವೆ 0.5 ಮಿಲಿಮೀಟರು ಗೋಡೆಯ ಕೊಳವೆಗಳಿಂದಲೂ ಗಟ್ಟಿಮುಟ್ಟಾದ ಚೌಕಟ್ಟು ಕಟ್ಟುವುದು ಸಾಧ್ಯವಾಯಿತು. ಮುಂದೆ ಹಲವು ದಶಕಗಳ ಕಾಲ ಯೂರೋಪಿನ ಪಂದ್ಯದ ಸೈಕಲುಗಳಲ್ಲಿ ಈ ಅಂಕಿಗೆ ದೊಡ್ಡ ಮರ್ಯಾದೆಯಿತ್ತು. ಕೊಳವೆ ಮತ್ತು ಸಂದು ಒಂದರ ಕೈಹಿಡಿದು ಇನ್ನೊಂದು ಬೆಳೆದವು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹೊಸ ಜ್ವಾಲೆ

ಈ ನಡುವೆ ಬೆಂಕಿಯೂ ಬದಲಾಗಿತ್ತು. 1892ರಲ್ಲಿ ಅಮೆರಿಕದಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಿಂದ ಕ್ಯಾಲ್ಸಿಯಂ ಕಾರ್ಬೈಡನ್ನು ತಯಾರಿಸಿದ. ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಸೈಕಲ್ಲಿನ ಮುಂದೆ ಕಟ್ಟುತ್ತಿದ್ದ ಹಳೆಯ ಕಾರ್ಬೈಡ್ ದೀಪಗಳಲ್ಲಿ ಉರಿಯುತ್ತಿದ್ದುದು ಇದೇ ಅನಿಲ. ಅಸಿಟಿಲೀನನ್ನು ಶುದ್ಧ ಆಮ್ಲಜನಕದೊಡನೆ ಉರಿಸಿದರೆ ಜ್ವಾಲೆಯ ಶಾಖ 3000 ಡಿಗ್ರಿ ದಾಟುತ್ತದೆಂದು 1895ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲ ಶಾತೆಲಿಯೆ ತೋರಿಸಿಕೊಟ್ಟರು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಫೂಶೆ ಮತ್ತು ಪಿಕಾರ್ ಎಂಬ ಫ್ರೆಂಚರು ಈ ಜ್ವಾಲೆಯನ್ನು ಕೈಯಲ್ಲಿ ಹಿಡಿಯುವ ಟಾರ್ಚಾಗಿ ರೂಪಿಸಿದರು. ನಮ್ಮ ಊರುಗಳ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ನೀವು ಕಾಣುವ ಜೋಡಿ ಸಿಲಿಂಡರು, ಜೋಡಿ ರಬ್ಬರ್ ಕೊಳವೆಗಳ ಮೂಲ ಇದು.

ಚಿಕ್ಕ, ತೀಕ್ಷ್ಣ ಜ್ವಾಲೆ ಕೈಗೆ ಬಂದಾಗ ಲಗ್ಗೇ ಬೇಡವೆಂಬ ಧೈರ್ಯ ಬಂತು. ಒಂದು ಕೊಳವೆಯ ತುದಿಯನ್ನು ಮೀನಿನ ಬಾಯಿಯಂತೆ ಅರದಿಂದ ಉಜ್ಜಿ, ಇನ್ನೊಂದು ಕೊಳವೆಯ ಮೈಗೆ ಎಲ್ಲಿಯೂ ಬೆಳಕು ತೂರದಂತೆ ಹೊಂದಿಸಬೇಕು. ಬಳಿಕ ಆ ಮೂಲೆಯ ಸುತ್ತ ಹಿತ್ತಾಳೆಯನ್ನು ಕರಗಿಸಿ, ಗೋಡೆ ನೆಲ ಸೇರುವ ಮೂಲೆಗೆ ಗಾರೆ ಬಳಿದಂತೆ ನುಣುಪಾದ ಇಳಿಜಾರನ್ನು ಕಟ್ಟಬೇಕು. ಇದಕ್ಕೆ ‘ಫಿಲೆಟ್ ಬ್ರೇಜಿಂಗ್’ ಎಂದು ಹೆಸರು. ಲಂಡನ್ನಿನ ಕ್ಲಾಡ್ ಬಟ್ಲರ್ ಮೊದಲಾದ ತಯಾರಕರು 1930–40ರ ದಶಕಗಳಲ್ಲಿ ಹೀಗೆ ಲಗ್ಗಿಲ್ಲದ ಚೌಕಟ್ಟುಗಳನ್ನು ಕಟ್ಟಿದರು. ಲಗ್ಗುಗಳು ನಿಗದಿಯಾದ ಕೋನಗಳಲ್ಲಿ ಮಾತ್ರ ಸಿಗುತ್ತಿದ್ದವು. ಲಗ್ಗಿಲ್ಲದಿದ್ದರೆ ಯಾವ ಕೋನವಾದರೂ ಸರಿ. ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲುಗಳಿಗೆ ಇದು ಬಹಳ ಅನುಕೂಲವಾಯಿತು.

ಬೆಳ್ಳಿಯ ಬೆಸುಗೆ

ಶಾಖವನ್ನು ಇನ್ನೂ ತಗ್ಗಿಸಬೇಕಾದರೆ ಹಿತ್ತಾಳೆಯ ಬದಲು ಬೆಳ್ಳಿ ಬೆರೆತ ಮಿಶ್ರಲೋಹವನ್ನು ಬಳಸಬೇಕು. ಅದು 600ರಿಂದ 700 ಡಿಗ್ರಿಯ ಆಸುಪಾಸಿನಲ್ಲೇ ಹರಿಯುತ್ತದೆ. ಉಕ್ಕಿನ ಒಳರಚನೆ ಬದಲಾಗತೊಡಗುವುದು ಸುಮಾರು 723 ಡಿಗ್ರಿಯಲ್ಲಿ. ಅಂದರೆ ಬೆಳ್ಳಿಯ ಬೆಸುಗೆ ಆ ಗಡಿಯನ್ನು ದಾಟದೆಯೇ ಕೆಲಸ ಮುಗಿಸಬಲ್ಲದು. ಆದರೆ ದುಬಾರಿ, ಸಂದಿನ ಅಳತೆಯೂ ಬಹಳ ಕರಾರುವಾಕ್ಕಾಗಿರಬೇಕು. ಹಿಂದೆ ಇಂಥ ಮಿಶ್ರಲೋಹಗಳಿಗೆ ಕ್ಯಾಡ್ಮಿಯಂ ಸೇರಿಸುತ್ತಿದ್ದರು. ಅದರ ಆವಿ ಮಾರಕವೆಂದು ತಿಳಿದಮೇಲೆ ಕ್ಯಾಡ್ಮಿಯಂ ಇಲ್ಲದ ಬೆಳ್ಳಿ ಬೆಸುಗೆ ರೂಢಿಗೆ ಬಂತು.

1976ರಲ್ಲಿ ರೆನಾಲ್ಡ್ಸ್ ಕಂಪನಿ ‘753’ ಎಂಬ ಕೊಳವೆಯನ್ನು ತಂದಿತು. ಶಾಖೋಪಚಾರದಿಂದ ಬಲಪಡಿಸಿದ ಈ ಕೊಳವೆಯ ನಡುಗೋಡೆ ಅರ್ಧ ಮಿಲಿಮೀಟರಿಗಿಂತಲೂ ತೆಳು. ಹಿತ್ತಾಳೆಯ ಶಾಖ ತಾಗಿದರೆ ಆ ಉಪಚಾರವೆಲ್ಲ ವ್ಯರ್ಥ. ಆದ್ದರಿಂದ ಕಂಪನಿ ಈ ಕೊಳವೆಯನ್ನು ಕೇಳಿದವರಿಗೆಲ್ಲ ಮಾರಲಿಲ್ಲ. ಚೌಕಟ್ಟು ಕಟ್ಟುವವನು ಮೊದಲು ಬೆಳ್ಳಿಯಿಂದ ಮಾದರಿ ಸಂದುಗಳನ್ನು ಮಾಡಿ ಕಳುಹಿಸಬೇಕು. ಅವುಗಳನ್ನು ಮುರಿದು ಪರೀಕ್ಷಿಸಿ, ತೇರ್ಗಡೆಯಾದವನಿಗೆ ಮಾತ್ರ ಕೊಳವೆ ಕೊಡುತ್ತಿದ್ದರು. ವಿದ್ಯಾರ್ಥಿಗಳಿಗೆ ಪರೀಕ್ಷೆಯಿರುವಂತೆ ಕುಶಲಕರ್ಮಿಗೂ ಒಂದು ಪರೀಕ್ಷೆ! ಈ ಕೊಳವೆಗಳ ಸೈಕಲುಗಳನ್ನು ಬಳಸುತ್ತಿದ್ದ ಟಿ.ಐ.–ರ್ಯಾಲೆ ತಂಡದ ಯೂಪ್ ಜೂಟೆಮೆಲ್ಕ್ 1980ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯವನ್ನು ಗೆದ್ದರು.

ವಿದ್ಯುತ್ತಿನ ಬೆಸುಗೆ

ಇಲ್ಲಿಯವರೆಗೆ ನಾವು ನೋಡಿದ್ದು ಜ್ವಾಲೆಯ ಕೆಲಸ. ಇದಕ್ಕೆ ಸಮಾನಾಂತರವಾಗಿ ವಿದ್ಯುತ್ತಿನ ದಾರಿಯೂ ಬೆಳೆಯುತ್ತಿತ್ತು. ಎರಡು ಲೋಹದ ತುಂಡುಗಳನ್ನು ಒತ್ತಿಹಿಡಿದು ಭಾರಿ ವಿದ್ಯುತ್ ಹರಿಸಿದರೆ, ಅವು ತಾಗುವ ಜಾಗದಲ್ಲಿ ರೋಧ ಹೆಚ್ಚಿರುವುದರಿಂದ ಅಲ್ಲಿಯೇ ಶಾಖ ಹುಟ್ಟಿ ಲೋಹ ಬೆಸೆದುಕೊಳ್ಳುತ್ತದೆ. 1886ರಲ್ಲಿ ಎಲಿಹು ಥಾಮ್ಸನ್ ಅಮೆರಿಕದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಚಿಕಾಗೋದ ಶ್ವಿನ್ ಕಂಪನಿ ಇದೇ ತತ್ವದ ಮೇಲೆ ಹಲವು ದಶಕಗಳ ಕಾಲ ಲಕ್ಷಾಂತರ ಸೈಕಲುಗಳನ್ನು ತಯಾರಿಸಿತು. ಲಗ್ಗಿಲ್ಲ, ಹಿತ್ತಾಳೆಯಿಲ್ಲ; ಯಂತ್ರ ಒತ್ತಿ ಬೆಸೆಯುತ್ತದೆ. ಬೆಲೆ ಕಡಿಮೆ, ಕೆಲಸ ಗಟ್ಟಿ. ಆದರೆ ಕೊಳವೆಯ ಗೋಡೆ ದಪ್ಪವಿರಬೇಕಾದ್ದರಿಂದ ಸೈಕಲ್ ಭಾರ.

ತೆಳು ಕೊಳವೆಗೆ ಒಪ್ಪುವ ವೆಲ್ಡಿಂಗ್ ಬಂದದ್ದು ವಿಮಾನ ಕಾರ್ಖಾನೆಯಿಂದ. 1903ರಲ್ಲಿ ಮೊದಲ ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ತಯಾರಿಸಿ ಜೀವನ ಸಾಗಿಸುತ್ತಿದ್ದವರೆಂಬುದು ನಿಮಗೆ ಗೊತ್ತಿರಬಹುದು. ಸೈಕಲ್ ಅಂಗಡಿಯಿಂದ ಪಡೆದದ್ದನ್ನು ವಿಮಾನ ನಾಲ್ಕು ದಶಕಗಳ ಬಳಿಕ ಹಿಂದಿರುಗಿಸಿತೆನ್ನಬೇಕು. 1941ರಲ್ಲಿ ನಾರ್ತ್‌ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ಮೆಗ್ನೀಸಿಯಂ ಭಾಗಗಳನ್ನು ಕೂಡಿಸಲು ಹೊಸ ವಿಧಾನವೊಂದನ್ನು ರೂಪಿಸಿದ. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಕಿಡಿ ಹೊಮ್ಮುತ್ತದೆ. ಟಂಗ್‌ಸ್ಟನ್ ಕರಗಲು 3400 ಡಿಗ್ರಿ ಬೇಕಾದ್ದರಿಂದ ಕಡ್ಡಿ ಕರಗುವುದಿಲ್ಲ. ಸುತ್ತಲೂ ಯಾವುದರೊಡನೆಯೂ ಬೆರೆಯದ ಜಡ ಅನಿಲ ಹರಿದು ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಇದೇ ‘ಟಿಗ್’ ವೆಲ್ಡಿಂಗ್. ಬಿಳಿಗಾರ ಮಾಡುತ್ತಿದ್ದ ಕಾವಲನ್ನು ಇಲ್ಲಿ ಅನಿಲ ಮಾಡುತ್ತದೆ.

ಮೆರೆಡಿತ್ ಮೊದಲು ಬಳಸಿದ್ದು ಹೀಲಿಯಂ. ಇಂದು ಹೆಚ್ಚಾಗಿ ಬಳಸುವುದು ಆರ್ಗಾನ್. ಆರ್ಗಾನನ್ನು 1894ರಲ್ಲಿ ಕಂಡುಹಿಡಿದವರು ರ್ಯಾಲೀ ಮತ್ತು ವಿಲಿಯಂ ರ್ಯಾಮ್ಸೆ. ಜಮ್‌ಷೆಟ್‌ಜಿ ಟಾಟಾ ಅವರ ವಿಜ್ಞಾನ ಸಂಸ್ಥೆಗೆ ತಕ್ಕ ಸ್ಥಳ ಹುಡುಕಲು 1900ರಲ್ಲಿ ಭಾರತಕ್ಕೆ ಬಂದು, ಬೆಂಗಳೂರನ್ನು ಶಿಫಾರಸು ಮಾಡಿದವರು ಇದೇ ರ್ಯಾಮ್ಸೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದೆ ಹಾದುಹೋಗುವಾಗ ಇದನ್ನು ನೆನಪಿಸಿಕೊಳ್ಳಿ.

ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ವಿಮಾನದ ಉಕ್ಕು ಟಿಗ್ ವೆಲ್ಡಿಂಗ್‌ಗೆ ಚೆನ್ನಾಗಿ ಒಗ್ಗುತ್ತದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ದಿಬ್ಬಗಳ ಮೇಲೆ ಹಾರಿಸುತ್ತಿದ್ದ ಬಿ.ಎಂ.ಎಕ್ಸ್. ಸೈಕಲುಗಳಲ್ಲಿ ಈ ಜೋಡಿ ಮೊದಲು ಜನಪ್ರಿಯವಾಯಿತು. ಅದೇ ದಶಕದ ಕೊನೆಯಲ್ಲಿ ಅಲ್ಲಿಯೇ ಬೆಟ್ಟ ಇಳಿಯುವ ಸೈಕಲುಗಳೂ ಹುಟ್ಟಿದವು. ಇವುಗಳಿಗೆ ದಪ್ಪ ಕೊಳವೆ ಬೇಕು, ಬೇರೆ ಕೋನ ಬೇಕು. ಲಗ್ಗುಗಳು ಮಾತ್ರ ಮೇಲಿನ ಬಾರಿಗೆ 25.4 ಮಿಲಿಮೀಟರು, ಕೆಳಗಿನದಕ್ಕೆ 28.6 ಮಿಲಿಮೀಟರು ಎಂಬ ಹಳೆಯ ಅಳತೆಗಳಿಗೇ ಅಂಟಿಕೊಂಡಿದ್ದವು. ಹಾಗಾಗಿ ಟಾಮ್ ರಿಚಿಯಂಥ ತಯಾರಕರು ಮೊದಲು ಫಿಲೆಟ್ ಬ್ರೇಜಿಂಗ್‌ನ ಮೊರೆಹೊಕ್ಕರು. 1980ರ ದಶಕದಲ್ಲಿ ಕಾರ್ಖಾನೆಗಳು ಟಿಗ್‌ಗೆ ತಿರುಗಿದವು. 1995ರಲ್ಲಿ ಬಂದ ‘853’ ಉಕ್ಕಿನಲ್ಲಂತೂ ಹಳೆಯ ಸಮಸ್ಯೆಯೇ ತಲೆಕೆಳಗಾಯಿತು. ವೆಲ್ಡಿಂಗ್‌ನ ಶಾಖ ತಾಗಿ, ಗಾಳಿಯಲ್ಲಿ ಆರುವಾಗ ಈ ಉಕ್ಕು ಮೆತ್ತಗಾಗುವ ಬದಲು ಮತ್ತಷ್ಟು ಗಡುಸಾಗುತ್ತದೆ!

ನಮ್ಮ ರಸ್ತೆಯ ಸೈಕಲ್

ಈಗ ನಮ್ಮ ಕಪ್ಪು ಸೈಕಲ್ಲಿಗೆ ಹಿಂದಿರುಗೋಣ. ಸ್ವಾತಂತ್ರ್ಯದ ಬಳಿಕ ನಮ್ಮ ದೇಶದಲ್ಲಿ ಸೈಕಲ್ ಉದ್ಯಮ ಬೇರೂರಿತು. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಇವುಗಳಲ್ಲಿ ‘ಟಿ.ಐ.’ ಎಂಬ ಎರಡಕ್ಷರ ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಕಂಪನಿಯದು. ರೆನಾಲ್ಡ್ಸ್ ಕೊಳವೆಯ ಕಾರ್ಖಾನೆಯೂ, 1960ರಿಂದ ರ್ಯಾಲೆಯೂ ಅದೇ ಸಮೂಹಕ್ಕೆ ಸೇರಿದ್ದವು. ಪಂದ್ಯ ಗೆದ್ದ ತಂಡದ ಹೆಸರಿನಲ್ಲಿದ್ದ ಎರಡಕ್ಷರವೂ ನಮ್ಮ ದಕ್ಷಿಣದ ಕಾರ್ಖಾನೆಯ ಎರಡಕ್ಷರವೂ ಒಂದೇ ಮೂಲದವು.

ನಮ್ಮ ಕಪ್ಪು ಸೈಕಲ್ಲಿನ ಕೊಳವೆ 531 ಅಲ್ಲ, 753 ಅಲ್ಲ. ದಪ್ಪ ಗೋಡೆಯ ಸಾಧಾರಣ ಉಕ್ಕು. ಅದನ್ನು ಲಗ್ಗು ಮತ್ತು ಹಿತ್ತಾಳೆಯಿಂದ ಕೂಡಿಸಿದ್ದಾರೆ. ಭಾರವೇನೋ ಹೌದು. ಆದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಂಚೆಯ ಚೀಲ ಎಲ್ಲವನ್ನೂ ಅದು ಹೊತ್ತಿದೆ. ಮುಖ್ಯವಾದ ಇನ್ನೊಂದು ಗುಣವಿದೆ. ಹಿತ್ತಾಳೆಯ ಸಂದನ್ನು ಮತ್ತೆ ಕಾಯಿಸಿದರೆ ಹಿತ್ತಾಳೆ ಕರಗುತ್ತದೆ, ಉಕ್ಕು ಕರಗುವುದಿಲ್ಲ. ಆದ್ದರಿಂದ ಜಜ್ಜಿಹೋದ ಕೊಳವೆಯನ್ನು ಲಗ್ಗಿನಿಂದ ಹೊರತೆಗೆದು ಹೊಸದನ್ನು ಕೂರಿಸಬಹುದು. ಗ್ಯಾಸ್ ಟಾರ್ಚು, ಹಿತ್ತಾಳೆ ಕಡ್ಡಿ, ಒಂದು ಚಿಟಿಕೆ ಬಿಳಿಗಾರ, ಬಣ್ಣ ನೋಡಿ ಶಾಖ ಹೇಳಬಲ್ಲ ಕಣ್ಣು ಇಷ್ಟಿದ್ದರೆ ಸಣ್ಣ ಊರಿನ ಅಂಗಡಿಯಲ್ಲೂ ಈ ಕೆಲಸ ಆಗುತ್ತದೆ. ವೆಲ್ಡಿಂಗ್ ಮಾಡಿದ ಚೌಕಟ್ಟಿನಲ್ಲಿ ಕೊಳವೆಗಳೇ ಒಂದಾಗಿಬಿಟ್ಟಿವೆ. ಬದಲಿಸಬೇಕಾದರೆ ಗರಗಸದಿಂದ ಕತ್ತರಿಸಬೇಕು.

ಇಂದು ಅಂಗಡಿಗಳಲ್ಲಿ ಕಾಣುವ ಬಣ್ಣಬಣ್ಣದ ಗೇರ್ ಸೈಕಲುಗಳಲ್ಲಿ ಬಹುಪಾಲು ವೆಲ್ಡಿಂಗ್ ಮಾಡಿದಂಥವು. ಅಗ್ಗ, ಹಗುರ, ಬೇಗ ತಯಾರಾಗುತ್ತವೆ. ಇದರಿಂದ ಸೈಕಲ್ ಹೆಚ್ಚು ಜನರ ಕೈಗೆಟುಕಿತು ಎಂಬುದು ನಿಜ. ಮುರಿದರೆ ಕೂಡಿಸುವುದಕ್ಕಿಂತ ಎಸೆಯುವುದೇ ಸುಲಭವೆಂಬ ಅಭ್ಯಾಸ ಬೆಳೆದದ್ದೂ ನಿಜ. ಸಂದನ್ನು ಕೂಡಿಸುವ ವಿಧಾನ ಬದಲಾದಾಗ ವಸ್ತುವಿನ ಆಯುಸ್ಸು, ಅದನ್ನು ಸರಿಪಡಿಸುವವನ ಅನ್ನ, ಕೈಯ ಕೌಶಲ ಎಲ್ಲವೂ ಅದರೊಡನೆ ಬದಲಾಗುತ್ತವೆ.

ಕೊನೆಯದಾಗಿ ನಿಮಗೊಂದು ಚಿಕ್ಕ ಕೆಲಸ. ನಿಮ್ಮ ಶಾಲೆ ಅಥವಾ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಹತ್ತು ಸೈಕಲುಗಳ ಸಂದುಗಳನ್ನು ಪರೀಕ್ಷಿಸಿ ಬರೆದಿಡಿ. ಅಂಚು ಕೈಗೆ ತಾಗಿದರೆ ಲಗ್ಗು. ಮೂಲೆಯಲ್ಲಿ ನುಣುಪಾದ ಇಳಿಜಾರಿದ್ದರೆ ಫಿಲೆಟ್. ಮೀನಿನ ಹೊರೆಯಂತೆ, ಸಾಲಾಗಿ ಜೋಡಿಸಿದ ನಾಣ್ಯಗಳಂತೆ ಸಣ್ಣ ಅಲೆಗಳಿದ್ದರೆ ವೆಲ್ಡಿಂಗ್. ಆಮೇಲೆ ಹತ್ತಿರದ ಬೆಸುಗೆ ಅಂಗಡಿಗೆ ಹೋಗಿ, ಕಪ್ಪು ಕನ್ನಡಕವಿಲ್ಲದೆ ಕಿಡಿಯನ್ನು ನೋಡದೆ, ಅಲ್ಲಿಯ ಯಜಮಾನರನ್ನು ಒಂದು ಮಾತು ಕೇಳಿ: “ಶಾಖ ಸಾಕಾಯಿತೆಂದು ನಿಮಗೆ ಹೇಗೆ ತಿಳಿಯುತ್ತದೆ?” ಅವರು ಹೇಳುವ ಉತ್ತರ ಈ ಲೇಖನದ ಮುಂದಿನ ಅಧ್ಯಾಯ.